ಹೆಬ್ಬಾಗಿಲ ಕಾವಲು

ಮನೆಯನ್ನು ಕಟ್ಟಿ ಮುಗಿಸಿದ ಗೃಹಸ್ಥನಿಗೆ ಮರುದಿನವೇ ಹುಟ್ಟುವ ಚಿಂತೆಯೆಂದರೆ, ಇನ್ನು ಇದನ್ನು ಕಾಯುವವರು ಯಾರು ಎಂಬುದು. ಬೀಗವು ಕೂಗಿ ಎಬ್ಬಿಸಲಾರದು. ಗೋಡೆಯು ಕಳ್ಳನನ್ನು ಅಟ್ಟಿಕೊಂಡು ಹೋಗಲಾರದು. ಕೂಲಿಯ ಕಾವಲುಗಾರನು ನಡುರಾತ್ರಿಯಲ್ಲಿ ನಿದ್ದೆಹೋದರೂ ಹೋಗಬಹುದು. ಆದಕಾರಣ ಅನೇಕರ ಮನಸ್ಸು ನಾಯಿಯ ಕಡೆಗೆ ತಿರುಗುವುದು ಸಹಜವೇ ಸರಿ. ಆದರೆ ಈಚೆಗೆ ನಮ್ಮ ಪಟ್ಟಣಗಳಲ್ಲಿ ಒಂದು ಹೊಸ ರೂಢಿಯು ಕಾಣಬರುತ್ತಿದೆ. ನಾಡನಾಯಿಯು ಸಾಲದೆಂದು ಮಾಸ್ಟಿಫ್, ರಾಟ್‌ವೈಲರ್, ಡಾಬರ್‌ಮನ್ ಮೊದಲಾದ ಭಾರಿ ಮೈಕಟ್ಟಿನ ನಾಯಿಗಳನ್ನು ಬಹಳ ಹಣ ತೆತ್ತು ತರುವರು. ಬಾಗಿಲ ಪಕ್ಕದ ಕಂಬಕ್ಕೆ ಸರಪಣಿಯಿಂದ ಬಿಗಿಯುವರು. ‘ನಾಯಿಯಿದೆ, ಎಚ್ಚರಿಕೆ’ ಎಂಬ ಹಲಗೆಯೊಂದನ್ನು ತೂಗಹಾಕುವರು. ಅಲ್ಲಿಗೆ ಕಾವಲಿನ ಏರ್ಪಾಡು ಮುಗಿಯಿತೆಂದು ಅವರ ಭಾವನೆ. ಈ ಭಾವನೆಯು ಸರಿಯೆ? ಇಂಥ ನಾಯಿಗಳನ್ನು ಸಾವಿರಾರು ವರ್ಷಗಳಿಂದ ಸಾಕಿ ದುಡಿಸಿಕೊಂಡ ಜನರು ಕಂಡುಕೊಂಡುದೇನು ಎಂಬುದನ್ನು ಈ ತಿಂಗಳು ವಾಚಕರೊಡನೆ ಕುಳಿತು ವಿಚಾರಮಾಡಲು ಬಯಸುತ್ತೇವೆ.

ಎಚ್ಚರಿಕೆಯ ಹಲಗೆಯು ಹೊಸದೇನೂ ಅಲ್ಲ. ಇಟಲಿ ದೇಶದ ಪಾಂಪೇಯೀ ನಗರವು ಕ್ರಿ. ಶ. ೭೯ರಲ್ಲಿ ವೆಸೂವಿಯಸ್ ಅಗ್ನಿಪರ್ವತದ ಬೂದಿಯೊಳಗೆ ಹೂತುಹೋಯಿತಷ್ಟೆ. ಅದನ್ನು ಅಗೆದು ತೆಗೆದಾಗ ಒಂದು ಮನೆಯ ಪ್ರವೇಶದ ನೆಲದ ಮೇಲೆ, ಸಣ್ಣ ಕಲ್ಲಿನ ಚೂರುಗಳನ್ನು ಜೋಡಿಸಿ ರಚಿಸಿದ ಕರಿಯ ನಾಯಿಯ ಚಿತ್ರವು ದೊರೆಯಿತು. ನಾಯಿಯ ಕೊರಳಿಗೆ ಸರಪಣಿ. ಕೆಳಗೆ ಲ್ಯಾಟಿನ್ ಭಾಷೆಯಲ್ಲಿ ನಮ್ಮ ಹಲಗೆಯ ಮಾತೇ.

ಅದಕ್ಕೂ ಏಳು ಶತಮಾನಗಳ ಹಿಂದಿನ ಸಂಗತಿಯೊಂದುಂಟು. ಇಂದಿನ ಇರಾಕ್ ದೇಶದಲ್ಲಿರುವ ನಿನೆವೆಯಲ್ಲಿ ಅಸ್ಸೀರಿಯದ ಅರಸನಾದ ಅಶ್ಶೂರ್‌ಬನಿಪಾಲನ ಅರಮನೆಯಿತ್ತು. ಅದರ ಗೋಡೆಯ ಶಿಲ್ಪಗಳಲ್ಲಿ ದಪ್ಪ ಕತ್ತಿನ, ಅಗಲವಾದ ಎದೆಯ ಬೇಟೆನಾಯಿಗಳನ್ನು ಆಳುಗಳು ಬಲವಾಗಿ ಹಿಡಿದು ನಡೆಸುತ್ತಿರುವುದನ್ನು ಕಾಣಬಹುದು. ಅದೇ ಅರಮನೆಯಲ್ಲಿ ಬಾಗಿಲೊಂದರ ಬಳಿ ನೆಲದಡಿಯಲ್ಲಿ ಹೂತಿಟ್ಟಿದ್ದ ಐದು ಮಣ್ಣಿನ ನಾಯಿಬೊಂಬೆಗಳು ಸಿಕ್ಕಿ, ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಕೇಡು ಒಳಗೆ ಕಾಲಿಡದಿರಲೆಂದು ಅವುಗಳನ್ನು ಹೂತಿದ್ದರು. ಒಂದೊಂದರ ಮೈಮೇಲೂ ಅದರದರ ಹೆಸರನ್ನು ಕೊರೆದಿದೆ: ಕೇಡನ್ನು ಓಡಿಸುವವನು, ಹಗೆಯನ್ನು ಹಿಡಿಯುವವನು, ಗಟ್ಟಿಯಾಗಿ ಬೊಗಳುವವನು ಇತ್ಯಾದಿ. ಅವುಗಳಲ್ಲೊಂದರ ಹೆಸರು ‘ಯೋಚಿಸಬೇಡ, ಕಚ್ಚು’ ಎಂದು! ಮಣ್ಣಿನ ನಾಯಿಗೆ ಈ ಹೆಸರು ಒಪ್ಪಿತು. ಅದು ಯಾರನ್ನೂ ಕಚ್ಚಲಾರದು. ಜೀವವುಳ್ಳ ನಾಯಿಗೆ ಇದೇ ಮಂತ್ರವನ್ನು ಕಲಿಸಿದರೆ ಗತಿಯೇನು?

ಈ ಪ್ರಶ್ನೆಗೆ ಉತ್ತರ ಕೊಟ್ಟವನು ಕೊಲುಮೆಲ್ಲ ಎಂಬ ರೋಮನ್ ಗ್ರಂಥಕಾರ. ಈತನು ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿ ಬೇಸಾಯವನ್ನು ಕುರಿತು ಹನ್ನೆರಡು ಪುಸ್ತಕಗಳನ್ನು ಬರೆದನು. ಏಳನೆಯದರಲ್ಲಿ ನಾಯಿಯ ವಿಷಯವನ್ನು ಎತ್ತಿಕೊಂಡಿರುವನು. ಮನೆ ಕಾಯುವ ನಾಯಿಯು ಕರಿಯದಾಗಿರಬೇಕಂತೆ. ಹಗಲಿನಲ್ಲಿ ನೋಡಿದ ಕಳ್ಳನಿಗೆ ಭಯ ಹೆಚ್ಚುವುದು, ಇರುಳಿನಲ್ಲಿ ಅದು ಅವನ ಕಣ್ಣಿಗೇ ಬೀಳದು. ಕುರಿ ಕಾಯುವುದು ಬಿಳಿಯದಾಗಿರಬೇಕು. ಇಲ್ಲವಾದರೆ ಮುಸುಕಿನಲ್ಲಿ ಕುರುಬನು ತೋಳವೆಂದು ಭ್ರಮಿಸಿ ತನ್ನ ನಾಯಿಯನ್ನೇ ಹೊಡೆದಾನು. ಹೆಸರು ಚಿಕ್ಕದಾಗಿರಬೇಕು, ಕೂಗಿದೊಡನೆ ನಾಯಿಗೆ ಕೇಳಿಸಬೇಕು. ತಲೆ ದೊಡ್ಡದಾಗಿರಬೇಕು, ಧ್ವನಿ ಗಂಭೀರವಾಗಿರಬೇಕು. ಇಷ್ಟನ್ನು ಹೇಳಿದ ಮೇಲೆ ಅವನು ಸ್ವಭಾವದ ಮಾತಿಗೆ ಬರುವನು. ನಾಯಿಯು ಅತಿ ಸಾಧುವಾದರೆ ಕಳ್ಳನ ಮುಂದೆಯೂ ಬಾಲವಾಡಿಸುವುದು. ಅತಿ ಕ್ರೂರವಾದರೆ ಮನೆಯವರ ಮೇಲೆಯೇ ಬೀಳುವುದು. ಎರಡೂ ಬೇಡ. ನಿಷ್ಠುರವಾಗಿರಲಿ, ಎಚ್ಚರವಾಗಿರಲಿ, ತನ್ನವರಾರು, ಪರರಾರು ಎಂಬ ವಿವೇಕವಿರಲಿ ಎಂಬುದು ಅವನ ಮಾತಿನ ಸಾರ. ಎರಡು ಸಾವಿರ ವರ್ಷಗಳು ಕಳೆದರೂ ಈ ಮಾತಿಗೆ ಮುಪ್ಪು ಬಂದಿಲ್ಲ.

ಆ ವಿವೇಕವು ನಾಯಿಗೆ ಬರುವುದು ಹೇಗೆ? ಇದನ್ನು ಕುರುಬರಿಂದ ಕಲಿಯಬೇಕು. ಗ್ರೀಸಿನ ವಾಯವ್ಯದಲ್ಲಿದ್ದ ಮೊಲೊಸ್ಸಿಯ ಎಂಬ ಸೀಮೆಯ ಕುರಿನಾಯಿಗಳು ಗಾತ್ರದಲ್ಲಿಯೂ, ಕಾಡುಮೃಗವನ್ನು ಎದುರಿಸುವ ಧೈರ್ಯದಲ್ಲಿಯೂ ಮಿಕ್ಕವನ್ನು ಮೀರಿಸಿದ್ದುವೆಂದು ಅರಿಸ್ಟಾಟಲನು ಬರೆದಿರುವನು. ಟಿಬೆಟ್ಟಿನಲ್ಲಿ ಉದ್ದ ಕೂದಲಿನ ಮಹಾನಾಯಿಗಳನ್ನು ಡೇರೆಗಳ ಮತ್ತು ಮಠಗಳ ಬಾಗಿಲಲ್ಲಿ ಹಗಲು ಕಟ್ಟಿ, ಇರುಳು ಬಿಡುತ್ತಿದ್ದರು. ಹಿಮಾಲಯದ ಕುರುಬರು ತಮ್ಮ ನಾಯಿಯ ಕೊರಳಿಗೆ ಮುಳ್ಳುಳ್ಳ ಕಬ್ಬಿಣದ ಪಟ್ಟಿಯನ್ನು ತೊಡಿಸುವುದುಂಟು. ಚಿರತೆಯು ಮೊದಲು ಹಿಡಿಯುವುದು ಕುತ್ತಿಗೆಯನ್ನೇ ಅಲ್ಲವೆ? ಈ ಮಂದೆ ಕಾಯುವ ನಾಯಿಗಳನ್ನು ಬೆಳೆಸುವ ಗುಟ್ಟು ಒಂದೇ. ಕೆಲವೇ ವಾರಗಳ ಮರಿಯನ್ನು ಕುರಿಗಳ ನಡುವೆಯೇ ಬಿಡುವರು. ಅಲ್ಲಿಯೇ ಅದು ಉಣ್ಣುವುದು, ಅಲ್ಲಿಯೇ ಮಲಗುವುದು. ಬೆಳೆದ ಮೇಲೆ ಅದಕ್ಕೆ ಮಂದೆಯೇ ಸಂಸಾರ. ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹನ್ನೆರಡು, ಹದಿನಾಲ್ಕನೆಯ ವಾರದವರೆಗೆ ಮರಿಯು ಯಾರ ಸಹವಾಸದಲ್ಲಿ ಬೆಳೆಯುವುದೋ ಅವರನ್ನೇ ತನ್ನವರೆಂದು ತಿಳಿಯುವುದೆಂದು ಈಗಿನ ಪ್ರಾಣಿಶಾಸ್ತ್ರಜ್ಞರೂ ಒಪ್ಪಿರುವರು.

ಇದರ ಫಲವು ನಾಯಿಗೂ ಕುರಿಗೂ ಮಾತ್ರವಲ್ಲ. ಆಫ್ರಿಕದ ನಮೀಬಿಯ ದೇಶದಲ್ಲಿ ಆಡುಕುರಿಗಳನ್ನು ತಿನ್ನುವವೆಂದು ರೈತರು ಚೀತಾಗಳನ್ನು ಗುಂಡಿಕ್ಕಿ ಕೊಲ್ಲುತ್ತಿದ್ದರು. ೧೯೯೪ರಿಂದ ಅಲ್ಲಿನ ಚೀತಾ ಸಂರಕ್ಷಣ ಸಂಸ್ಥೆಯೊಂದು ತುರ್ಕಿ ದೇಶದ ಅನಟೋಲಿಯ ತಳಿಯ ನಾಯಿಗಳನ್ನು ಸಾಕಿ ರೈತರಿಗೆ ಒದಗಿಸತೊಡಗಿತು. ನಾಯಿಯು ಎದ್ದು ನಿಂತು ಬೊಗಳಿದರೆ ಚೀತಾವು ಸಾಮಾನ್ಯವಾಗಿ ಹಿಂದಿರುಗುವುದು. ಮಂದೆಯೂ ಉಳಿಯಿತು, ಮೃಗವೂ ಉಳಿಯಿತು. ೨೦೨೨ರಲ್ಲಿ ನಮ್ಮ ಕುನೋ ಅರಣ್ಯಕ್ಕೆ ಮೊದಲು ಬಂದ ಎಂಟು ಚೀತಾಗಳು ಇದೇ ನಮೀಬಿಯದವು.

ಇನ್ನು ನಾಣ್ಯದ ಇನ್ನೊಂದು ಮುಖವನ್ನೂ ನೋಡಬೇಕು. ಹದಿನಾರನೆಯ ಶತಮಾನದ ಆದಿಯಲ್ಲಿ ಸ್ಪೇನ್ ದೇಶದವರು ಅಮೆರಿಕದ ದ್ವೀಪಗಳನ್ನು ಗೆದ್ದುಕೊಂಡಾಗ ಇಂಥ ನಾಯಿಗಳನ್ನು ಅಲ್ಲಿನ ಮೂಲನಿವಾಸಿಗಳ ಮೇಲೆ ಛೂಬಿಟ್ಟರು. ಪೋರ್ಟೋ ರಿಕೋ ದ್ವೀಪದಲ್ಲಿ ಬೆಸೆರಿಲ್ಲೊ ಎಂಬ ನಾಯಿಯು ಎಷ್ಟು ಹೆಸರುಗೊಂಡಿತ್ತೆಂದರೆ, ಅದರ ದುಡಿಮೆಗಾಗಿ ಒಡೆಯನಿಗೆ ಬಿಲ್ಲಾಳಿನ ಸಂಬಳವೇ ಸಲ್ಲುತ್ತಿತ್ತು. ಒವಿಯೇಡೊ ಎಂಬ ಆ ಕಾಲದ ಇತಿಹಾಸಕಾರನು ಅದರ ಕಥೆಯೊಂದನ್ನು ಬರೆದಿಟ್ಟಿರುವನು. ಸೆರೆಸಿಕ್ಕಿದ ಮುದುಕಿಯೊಬ್ಬಳ ಕೈಗೆ ದಳಪತಿಯು ಕಾಗದವೊಂದನ್ನು ಕೊಟ್ಟು ಅಧಿಕಾರಿಗೆ ಮುಟ್ಟಿಸೆಂದು ಕಳುಹಿಸಿದನು. ಆಕೆ ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ, ಕೇವಲ ವಿನೋದಕ್ಕಾಗಿ, ಹಿಂದಿನಿಂದ ನಾಯಿಯನ್ನು ಬಿಡಿಸಿದನು. ಮುದುಕಿಯು ನೆಲದ ಮೇಲೆ ಕುಳಿತು, ಕಾಗದವನ್ನು ತೋರಿಸಿ, ಸ್ವಾಮೀ, ನನಗೆ ಕೇಡು ಮಾಡಬೇಡವೆಂದು ತನ್ನ ಭಾಷೆಯಲ್ಲಿ ನಾಯಿಯನ್ನೇ ಬೇಡಿಕೊಂಡಳು. ನಾಯಿಯು ನಿಂತಿತು, ಆಕೆಯನ್ನು ಮೂಸಿನೋಡಿತು, ಏನೂ ಮಾಡದೆ ಹೊರಟುಹೋಯಿತು. ಇಲ್ಲಿ ಮೃಗವೆನಿಸಿದವರು ಯಾರೆಂಬುದನ್ನು ವಾಚಕರೇ ನಿರ್ಣಯಿಸಲಿ. ಇಂಗ್ಲೆಂಡಿನಲ್ಲಿಯೂ ಕಟ್ಟಿದ ಗೂಳಿಯ ಮೇಲೆ, ಕರಡಿಯ ಮೇಲೆ ನಾಯಿಗಳನ್ನು ಬಿಟ್ಟು ನೋಡಿ ನಲಿಯುವ ಕ್ರೂರ ವಿನೋದವು ಬಹುಕಾಲ ನಡೆದು, ೧೮೩೫ರ ಕಾನೂನಿನಿಂದ ನಿಂತಿತು.

ಅದೇ ಬಲವನ್ನು ಒಳ್ಳೆಯ ದಾರಿಗೆ ತಿರುಗಿಸಿದವರೂ ಉಂಟು. ಆಲ್ಪ್ಸ್ ಪರ್ವತದಲ್ಲಿ ೨೪೬೯ ಮೀಟರು ಎತ್ತರದ ಸೇಂಟ್ ಬರ್ನಾರ್ಡ್ ಕಣಿವೆದಾರಿಯ ಮಠದಲ್ಲಿ ಸಂನ್ಯಾಸಿಗಳು ಹದಿನೇಳನೆಯ ಶತಮಾನದಲ್ಲಿ ದೊಡ್ಡ ನಾಯಿಗಳನ್ನು ಸಾಕತೊಡಗಿದುದು ಮಠದ ಕಾವಲಿಗಾಗಿ. ಕ್ರಮೇಣ ಅವು ಹಿಮದಲ್ಲಿ ದಾರಿತಪ್ಪಿದ ಪಥಿಕರನ್ನು ಹುಡುಕುವ ಕೆಲಸಕ್ಕೆ ಪಳಗಿದುವು. ೧೮೦೦ರಿಂದ ೧೮೧೪ರವರೆಗೆ ಬದುಕಿದ್ದ ಬ್ಯಾರಿ ಎಂಬ ನಾಯಿಯು ನಲವತ್ತಕ್ಕೂ ಹೆಚ್ಚು ಜನರ ಪ್ರಾಣವನ್ನು ಉಳಿಸಿತೆಂದು ಪ್ರಸಿದ್ಧವಾಗಿದೆ. ಅದರ ಚರ್ಮಕ್ಕೆ ರೂಪುಕೊಟ್ಟು ಬರ್ನ್ ನಗರದ ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸಿರುವರು. ಜರ್ಮನಿಯ ರಾಟ್‌ವೈಲ್ ಊರಿನ ಕಟುಕರು ದನಗಳನ್ನು ಹೊಡೆದುಕೊಂಡು ಹೋಗಲು ಬಳಸಿದ ನಾಯಿಯೇ ರಾಟ್‌ವೈಲರ್. ಇಂಗ್ಲೆಂಡಿನಲ್ಲಿ ೧೯೨೪ರಲ್ಲಿ ಪ್ರತ್ಯೇಕ ತಳಿಯೆಂದು ಮನ್ನಣೆ ಪಡೆದ ಬುಲ್‌ಮಾಸ್ಟಿಫ್ ನಾಯಿಯ ಕೆಲಸವೆಂದರೆ, ಕಳ್ಳಬೇಟೆಗಾರನನ್ನು ಕೆಡವಿ, ಕಚ್ಚಿ ಹರಿಯದೆ, ಯಜಮಾನನು ಬರುವವರೆಗೆ ಅದುಮಿ ಹಿಡಿದಿರುವುದು. ಶಕ್ತಿಗೆ ಕಡಿವಾಣವಿದ್ದರೇ ಅದು ಕಾವಲು.

ನಮ್ಮ ಕನ್ನಡನಾಡೂ ನಾಯಿಯ ಪರಾಕ್ರಮವನ್ನು ಮರೆತುದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿದ್ದ ಹತ್ತನೆಯ ಶತಮಾನದ ವೀರಗಲ್ಲನ್ನು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ಅನೇಕ ವಾಚಕರು ನೋಡಿರಬಹುದು. ಗಂಗರಸನಾದ ಬೂತುಗನು ತನ್ನ ವೀರನಾದ ಮಣಲೇರನಿಗೆ ಮೆಚ್ಚಿ ಬೇಕಾದುದನ್ನು ಕೇಳೆಂದಾಗ, ಅವನು ಬೇಡಿದುದು ಕಾಳಿ ಎಂಬ ನಾಯಿಯನ್ನು. ಆ ಕಾಳಿಯು ಮಹಾವರಾಹವೊಂದರೊಡನೆ ಹೋರಾಡಿತು; ಎರಡೂ ಸತ್ತುವು. ಅದರ ನೆನಪಿಗೆ ಕಲ್ಲು ನೆಟ್ಟು ಭೂಮಿಯನ್ನು ಬಿಟ್ಟರು. ಕಾಳಿಯು ಬೇಟೆಯ ನಾಯಿ, ಬಾಗಿಲ ನಾಯಿಯಲ್ಲ. ಆದರೂ ನಾಯಿಯ ಋಣವನ್ನು ಒಡೆಯನು ತೀರಿಸಿದ ಬಗೆಯು ನಮಗೆ ಪಾಠವಾಗತಕ್ಕದ್ದು.

ಈಗ ನಮ್ಮ ಕಂಬದ ನಾಯಿಗೆ ಬರೋಣ. ಹಗಲಿರುಳೂ ಕಟ್ಟಿದ ನಾಯಿಗೆ ಮನೆಯ ಮಕ್ಕಳ ಪರಿಚಯವಿಲ್ಲ, ನೆರೆಹೊರೆಯವರ ಪರಿಚಯವಿಲ್ಲ, ಹಾಲಿನವನೂ ಒಂದೇ, ಕಳ್ಳನೂ ಒಂದೇ. ಅದಕ್ಕೆ ಎಲ್ಲರೂ ಹಗೆಗಳೇ. ಗಂಡು ಮಾಸ್ಟಿಫ್ ನಾಯಿಯು ೭೦ ಕಿಲೋಗ್ರಾಂ ಮೀರಿ ತೂಗುವುದುಂಟು. ಅಂಥದೊಂದು ಒಂದು ದಿನ ಸರಪಣಿ ಹರಿದುಕೊಂಡರೆ, ಅಂಗಳದಲ್ಲಿ ಆಡುತ್ತಿರುವ ಕೂಸಿನ ಗತಿಯೇನು? ೨೦೨೪ರ ಮಾರ್ಚ್ ತಿಂಗಳಲ್ಲಿ ಕೇಂದ್ರ ಸರಕಾರವು ಇಂಥ ೨೩ ತಳಿಗಳನ್ನು ನಿಷೇಧಿಸುವ ಸುತ್ತೋಲೆಯನ್ನು ಹೊರಡಿಸಿತು; ಸಂಬಂಧಪಟ್ಟವರ ಮಾತನ್ನು ಕೇಳದೆ ಮಾಡಿದುದೆಂದು ಕರ್ನಾಟಕದ ಉಚ್ಚ ನ್ಯಾಯಾಲಯವು ಏಪ್ರಿಲ್ ತಿಂಗಳಲ್ಲಿ ಅದನ್ನು ರದ್ದುಪಡಿಸಿತು. ತಳಿಯ ವಾದವು ಹಾಗಿರಲಿ. ಒಡೆಯನ ಹೊಣೆಯನ್ನು ಯಾರೂ ರದ್ದುಪಡಿಸಿಲ್ಲ. ಸದಾ ಕಟ್ಟಿಹಾಕಿದ ನಾಯಿಯನ್ನು ತಕ್ಕಷ್ಟು ಅಡ್ಡಾಡಿಸದಿರುವುದು ೧೯೬೦ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ ಪ್ರಕಾರವೇ ಅಪರಾಧವೆಂಬುದನ್ನು ಬಹುಮಂದಿ ಅರಿಯರು.

ಆದುದರಿಂದ ದೊಡ್ಡ ನಾಯಿಯನ್ನು ತರಬೇಕೆಂದಿರುವ ಗೃಹಸ್ಥರಿಗೆ ನಮ್ಮ ಬಿನ್ನಹವಿಷ್ಟು. ಮರಿಯಿರುವಾಗಲೇ ತನ್ನಿರಿ, ಆದರೆ ಎಂಟು ವಾರ ತುಂಬುವ ಮೊದಲು ತಾಯಿಯಿಂದ ಅಗಲಿಸಬೇಡಿರಿ. ಮನೆಯವರೆಲ್ಲರ ಕೈಯೂ ಅದರ ಮೈಮೇಲೆ ಆಡಲಿ. ಬಂಧುಗಳೂ ನೆರೆಯವರೂ ಅದಕ್ಕೆ ಪರಿಚಿತರಾಗಲಿ. ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನು ಕಾಲಕಾಲಕ್ಕೆ ತಪ್ಪದೆ ಹಾಕಿಸಿರಿ. ದಿನವೂ ಎರಡು ಹೊತ್ತು ನಡೆಸಿರಿ. ‘ಬಾ’, ‘ಬೇಡ’, ‘ಕುಳಿತುಕೋ’ ಎಂಬ ಮೂರು ಮಾತುಗಳನ್ನಾದರೂ ಪ್ರೀತಿಯಿಂದಲೇ ಕಲಿಸಿರಿ. ಚಿಕ್ಕ ಮಕ್ಕಳನ್ನು ಅದರೊಡನೆ ಒಂಟಿಯಾಗಿ ಎಂದೂ ಬಿಡಬೇಡಿರಿ. ಹೀಗೆ ಬೆಳೆದ ನಾಯಿಯು ಉಂಡ ಮನೆಗೆ ಎರಡು ಬಗೆಯದು. ತನ್ನ ಬಲವನ್ನು ಎಲ್ಲಿ ತೋರಬೇಕೆಂಬುದನ್ನೂ ಎಲ್ಲಿ ತೋರಬಾರದೆಂಬುದನ್ನೂ ಬಹುಮಟ್ಟಿಗೆ ಅರಿಯುವುದು. ಇಷ್ಟಕ್ಕೆಲ್ಲ ದಿನದಲ್ಲಿ ಒಂದೆರಡು ಗಂಟೆಗಳ ಬಿಡುವಾದರೂ ಬೇಕು. ಅಷ್ಟು ಬಿಡುವಿಲ್ಲದವರು ಒಳ್ಳೆಯ ಬೀಗವೊಂದನ್ನು ಕೊಳ್ಳುವುದೇ ಲೇಸು.