ನೊರೆಯುಕ್ಕುವ ದ್ರಾಕ್ಷಾರಸ

ಮುಧೋಳ ತಾಲೂಕಿನ ಲೋಕಾಪುರದ ಕಡೆಯ ಗೃಹಸ್ಥರೊಬ್ಬರು ಈ ತಿಂಗಳು ನಮಗೊಂದು ಪ್ರಶ್ನೆಯನ್ನು ಬರೆದು ಕಳಿಸಿರುವರು. ಅವರ ಮನೆತನಕ್ಕೆ ನಾಲ್ಕು ಎಕರೆ ದ್ರಾಕ್ಷಿಯ ಪಡವಿದೆ. ಹಣ್ಣನ್ನು ಒಣಗಿಸಿ ಮಣೂಕ ಮಾಡಿ ಮಾರುವದು ಅವರ ರೂಢಿ. ಮಗನು ನಾಸಿಕದ ಕಡೆಗೆ ಹೋಗಿ ಬಂದಂದಿನಿಂದ, "ಅಪ್ಪಾ, ಫ್ರಾನ್ಸದಲ್ಲಿ ಸಣ್ಣ ಮನೆತನದವರೇ ನೊರೆಯುಕ್ಕುವ ಬಿಳಿಯ ದ್ರಾಕ್ಷಾರಸ ಮಾಡಿ, ಸೀಸೆಯ ಮೇಲೆ ಇಸವಿ ಹಾಕಿ, ಒಂದೊಂದನ್ನು ಸಾವಿರಾರು ರೂಪಾಯಿಗೆ ಮಾರುತ್ತಾರೆ. ಅವರದೂ ಸುಣ್ಣದ ನೆಲ, ನಮ್ಮದೂ ಸುಣ್ಣದ ನೆಲ. ನಾವೇಕೆ ಮಾಡಬಾರದು?" ಎಂದು ಹಟ ಹಿಡಿದಿರುವನಂತೆ. ಈಗಿರುವ ಥಾಮ್ಸನ್ ಬಳ್ಳಿಗಳನ್ನು ಕಿತ್ತು ರಸದ ಜಾತಿಯ ಬಳ್ಳಿಗಳನ್ನು ನೆಡಬೇಕೋ ಬೇಡವೋ ಎಂಬುದು ತಂದೆಯವರ ಪ್ರಶ್ನೆ.

ಮದ್ಯದ ಮಾತು ಈ ಪುಟದಲ್ಲೇಕೆಂದು ಕೆಲವು ತಾಯಂದಿರು ಹುಬ್ಬು ಗಂಟಿಕ್ಕಬಹುದು. ಯಾರಿಗೂ ಕುಡಿಯಿರೆಂದು ಹೇಳಲು ನಾವು ಹೊರಟಿಲ್ಲ. ಆದರೆ ಫಲ ಕೊಡುವ ಬಳ್ಳಿಯನ್ನು ಬೇರುಸಹಿತ ಕೀಳುವದೆಂದರೆ ಒಂದು ಮನೆತನದ ಅನ್ನದ ಮಾತು. ಅದನ್ನು ಪೂರ್ತಿಯಾಗಿ ತಿಳಿದುಕೊಂಡೇ ನಿರ್ಣಯಿಸಬೇಕು.

ಮೊದಲು ಈ ರಸವು ಹೇಗಾಗುವದೆಂಬುದನ್ನು ನೋಡುವ. ದ್ರಾಕ್ಷಿಯ ಹಣ್ಣನ್ನು ಹಿಂಡಿಟ್ಟರೆ ಯೀಸ್ಟೆಂಬ ಸೂಕ್ಷ್ಮ ಜೀವಿಗಳು ಅದರಲ್ಲಿಯ ಸಕ್ಕರೆಯನ್ನು ತಿಂದು ಮದ್ಯಾರ್ಕವನ್ನೂ ಇಂಗಾಲಾಮ್ಲ ವಾಯುವನ್ನೂ ಹುಟ್ಟಿಸುವವು. ಈ ಹುಳಿಬರಿಸುವ ವಿದ್ಯೆ ನಮಗೇನೂ ಹೊಸದಲ್ಲ. ರಾತ್ರಿ ರುಬ್ಬಿಟ್ಟ ಇಡ್ಲಿಯ ಹಿಟ್ಟು ಬೆಳಗಾಗುವದರೊಳಗೆ ಉಬ್ಬಿ ಪಾತ್ರೆಯ ಅಂಚು ಮೀರುವದೂ ಒಳಗೆ ಹುಟ್ಟಿದ ವಾಯುವಿನಿಂದಲೇ. ವೈದ್ಯರು ಕೊಡುವ ದ್ರಾಕ್ಷಾಸವದಲ್ಲಿಯೂ ಧಾತಕಿ ಹೂವಿನ ನೆರವಿನಿಂದ ಇಂಥದೇ ಕ್ರಿಯೆ ನಡೆದಿರುವದು. ಅದರಲ್ಲಿ ತಾನಾಗಿ ಹುಟ್ಟಿದ ಮದ್ಯಾರ್ಕ ಇರುವದೆಂದು ಸೀಸೆಯ ಚೀಟಿಯ ಮೇಲೆಯೇ ಬರೆದಿರುತ್ತಾರೆ.

ಸಾಮಾನ್ಯ ದ್ರಾಕ್ಷಾರಸದಲ್ಲಿ ಆ ವಾಯು ಹೊರಗೆ ಹಾರಿಹೋಗುವದು. ನೊರೆಯ ರಸದಲ್ಲಿ ಅದನ್ನು ಹೋಗಗೊಡುವದಿಲ್ಲ. ಗೋಲಿ ಸೋಡೆಯಲ್ಲಿ ವಾಯುವನ್ನು ಯಂತ್ರದಿಂದ ಹೊರಗಿನಿಂದ ತುಂಬುವರು. ಇಲ್ಲಿ ಅದು ಸೀಸೆಯ ಹೊಟ್ಟೆಯಲ್ಲಿಯೇ ಹುಟ್ಟಬೇಕು. ಒಮ್ಮೆ ಹುಳಿತು ತಿಳಿಯಾದ ರಸಕ್ಕೆ ಲೀಟರಿಗೆ ಸುಮಾರು ೨೪ ಗ್ರಾಮ ಸಕ್ಕರೆಯನ್ನೂ ಸ್ವಲ್ಪ ಯೀಸ್ಟನ್ನೂ ಕೂಡಿಸಿ, ದಪ್ಪ ಗಾಜಿನ ಸೀಸೆಗೆ ತುಂಬಿ, ಬಾಯಿ ಬಿಗಿದು, ತಂಪಾದ ನೆಲಮನೆಯಲ್ಲಿ ಅಡ್ಡ ಮಲಗಿಸುವರು. ಒಳಗೆ ಎರಡನೆಯ ಸಲ ಹುಳಿ ಬಂದು ವಾಯು ರಸದಲ್ಲಿ ಕರಗಿ ನಿಲ್ಲುವದು. ಆಗ ಸೀಸೆಯೊಳಗಿನ ಒತ್ತಡವು ಆರು ವಾಯುಭಾರದಷ್ಟಾಗುವದು. ಎಂದರೆ ಮೋಟಾರಿನ ಗಾಲಿಯೊಳಗಿನ ಗಾಳಿಯ ಸುಮಾರು ಮೂರು ಪಟ್ಟು. ಹಿಂದಿನ ಕಾಲದಲ್ಲಿ ಒಂದು ಸೀಸೆ ಸಿಡಿದರೆ ಪಕ್ಕದವೂ ಸಿಡಿದು ಸಾಲೇ ಪುಡಿಯಾಗುತ್ತಿತ್ತು. ಕೆಲಸದವರು ಮೋರೆಗೆ ಕಬ್ಬಿಣದ ಮುಖವಾಡ ಕಟ್ಟಿಕೊಂಡು ನೆಲಮನೆಗೆ ಇಳಿಯುತ್ತಿದ್ದರು. ಇದನ್ನೋದಿ ಯಾರಾದರೂ ಉತ್ಸಾಹಿಗಳು ಅಡಿಗೆಮನೆಯಲ್ಲಿ ಪ್ರಯೋಗಕ್ಕೆ ತೊಡಗಬಾರದೆಂದು ಇಲ್ಲಿಯೇ ಹೇಳಿಬಿಡುತ್ತೇವೆ. ಕಣ್ಣಿಗೂ ಅಪಾಯ, ೧೯೬೫ರ ಅಬಕಾರಿ ಕಾಯದೆಯ ಮೇರೆಗೆ ಪರವಾನಿಗೆಯಿಲ್ಲದೆ ಮದ್ಯ ತಯಾರಿಸುವದು ಅಪರಾಧವೂ ಅಹುದು.

ಈ ವಿದ್ಯೆಯನ್ನು ಡೊಂ ಪೆರಿನ್ಯೋ ಎಂಬ ಕ್ರೈಸ್ತ ಸನ್ಯಾಸಿ ಕಂಡುಹಿಡಿದನೆಂಬ ಕಥೆ ಎಲ್ಲ ಕಡೆಗೂ ಹಬ್ಬಿದೆ. ಅದು ಕಥೆಯೇ ಸರಿ. ಅವನು ಒಳ್ಳೆಯ ರಸ ಕೂಡಿಸುವದರಲ್ಲಿ ನಿಪುಣನಾಗಿದ್ದನಾದರೂ ನೊರೆಯನ್ನು ದೋಷವೆಂದೇ ಬಗೆದು ತಪ್ಪಿಸಲು ಹೆಣಗಿದವನು. ಸಕ್ಕರೆ ಕೂಡಿಸಿದರೆ ರಸ ಚುರುಕಾಗಿ ನೊರೆಯುವದೆಂದು ಮೆರೆಟ್ ಎಂಬ ಆಂಗ್ಲ ಪಂಡಿತನು ಇ. ಸ. ೧೬೬೨ರಲ್ಲಿಯೇ ಲಂಡನದ ರಾಯಲ್ ಸೊಸಾಯಿಟಿಯ ಮುಂದೆ ಓದಿದ್ದನು.

ನಿಜವಾಗಿ ನೆನೆಯಬೇಕಾದದ್ದು ಒಬ್ಬ ವಿಧವೆಯನ್ನು. ರ‍್ಯಾಂಸ್ ಪಟ್ಟಣದ ಕ್ಲೀಕೋ ಮನೆತನದ ಸೊಸೆ ಬಾರ್ಬ್ ನಿಕೋಲಳು ಇ. ಸ. ೧೮೦೫ರಲ್ಲಿ ಗಂಡನನ್ನು ಕಳೆದುಕೊಂಡಾಗ ೨೭ ವರ್ಷದವಳು. ಚಿಕ್ಕ ಮಗಳೊಬ್ಬಳು ಮಡಿಲಲ್ಲಿ. ಮಾವನನ್ನು ಒಪ್ಪಿಸಿ ವ್ಯಾಪಾರವನ್ನು ತಾನೇ ಕೈಗೆ ತೆಗೆದುಕೊಂಡಳು. ಆಗಿನ ದೊಡ್ಡ ತೊಡಕೆಂದರೆ ಸೀಸೆಯ ತಳದಲ್ಲಿ ನಿಂತ ಯೀಸ್ಟಿನ ಗಸಿ. ಅದನ್ನು ತೆಗೆಯಹೋದರೆ ನೊರೆ ಹೋಗುವದು. ಬಿಟ್ಟರೆ ರಸ ಕದಡುವದು. ಇ. ಸ. ೧೮೧೬ರ ಸುಮಾರಿಗೆ ಅವಳ ನೆಲಮನೆಯಲ್ಲಿ ಹಲಗೆಗೆ ಓರೆಯಾಗಿ ತೂತುಗಳನ್ನು ಕೊರೆದು, ಸೀಸೆಗಳನ್ನು ತಲೆಕೆಳಗಾಗಿ ಸಿಕ್ಕಿಸಿ, ದಿನಾಲು ಸ್ವಲ್ಪ ಸ್ವಲ್ಪ ತಿರುವುತ್ತ ಬಂದರು. ಆರೆಂಟು ವಾರಗಳಲ್ಲಿ ಗಸಿಯೆಲ್ಲ ಜಾರಿ ಬಿರಡೆಯ ಬಾಯಿಗೆ ಬಂದು ಕೂತಿತು. ಬಿರಡೆ ತೆಗೆದೊಡನೆ ಒಳಗಿನ ಒತ್ತಡವೇ ಅದನ್ನು ಹೊರಗೆ ಚಿಮ್ಮಿಸಿತು! ಈಗ ಸೀಸೆಯ ಕೊರಳನ್ನು ಅತಿ ಶೀತದ ಉಪ್ಪುನೀರಿನಲ್ಲಿ ಅದ್ದಿ ಗಸಿಯನ್ನು ಹಿಮಗಟ್ಟಿಸಿ ಹಾರಿಸುವರು. ತಿರುವುವ ಕೆಲಸವನ್ನು ಯಂತ್ರವು ಒಂದು ವಾರದಲ್ಲಿ ಮುಗಿಸುವದು. ಉಪಾಯ ಮಾತ್ರ ಆ ಹೆಣ್ಣುಮಗಳ ಮನೆಯದೇ.

ಇನ್ನು ಇಸವಿಯ ಮಾತು. 'ವಿಂಟೇಜ್' ಎಂದರೆ ಬಹಳ ಹಳೆಯದೆಂದು ನಮ್ಮಲ್ಲಿ ಅನೇಕರ ತಿಳುವಳಿಕೆ. ಹಾಗಲ್ಲ, ಆ ಮಾತಿನ ಮೂಲಾರ್ಥವು ದ್ರಾಕ್ಷಿಯ ಸುಗ್ಗಿ. ಸೀಸೆಯ ಮೇಲೆ ಇಸವಿಯಿದ್ದರೆ ಒಳಗಿನ ರಸವು ಆ ಒಂದು ಸುಗ್ಗಿಯದೆಂದು ಅರ್ಥ. ಶಾಂಪೇನ ಪ್ರಾಂತವು ಚಳಿಯ ಸೀಮೆ. ಒಂದು ವರ್ಷ ಹಿಮ ಬಿದ್ದು ಚಿಗುರು ಸುಡುವದು, ಒಂದು ವರ್ಷ ಮಳೆ ಹಿಡಿದು ಹಣ್ಣು ಕೊಳೆಯುವದು. ಆದ್ದರಿಂದ ಅಲ್ಲಿಯವರು ಹಲವು ವರ್ಷಗಳ ರಸವನ್ನು ಬೆರಸಿ ಸಮತೂಕ ಮಾಡುವರು. ಬೆರಕೆಯಿಲ್ಲದೆ ತಾನೇ ನಿಲ್ಲಬಲ್ಲಂಥ ವರ್ಷ ಬಂದರೆ ಮಾತ್ರ ಇಸವಿ ಹಾಕುವರು. ಇ. ಸ. ೧೮೧೧ರಲ್ಲಿ ಆಕಾಶದಲ್ಲಿ ದೊಡ್ಡ ಧೂಮಕೇತು ಕಾಣಿಸಿತು. ಸುಗ್ಗಿಯೂ ಅಪೂರ್ವವಾಗಿ ಬಂತು. ಮೇಲೆ ಹೇಳಿದ ವಿಧವೆಯು ೧೮೧೪ರಲ್ಲಿ ರಶಿಯಾಕ್ಕೆ ಕಳಿಸಿ ಹೆಸರಾದದ್ದು ಆ ಧೂಮಕೇತುವಿನ ವರ್ಷದ ರಸದಿಂದಲೇ. ನಾವಾದರೆ ಧೂಮಕೇತುವನ್ನು ಕಂಡು ಶಾಂತಿ ಮಾಡಿಸುತ್ತಿದ್ದೆವು.

ಈ ವಿಷಯದಲ್ಲಿ ನಮ್ಮ ಸೀಮೆಯದೊಂದು ಸೊಗಸಿದೆ. ಶಾಂಪೇನದ ಬಳ್ಳಿ ಚಳಿಗಾಲದಲ್ಲಿ ಎಲೆಯುದುರಿಸಿ ಮಲಗುವದು. ನಮ್ಮ ಬಳ್ಳಿಗೆ ನಿದ್ರೆಯೇ ಇಲ್ಲ. ಏಪ್ರಿಲದಲ್ಲಿ ಒಂದು ಚಾಟ್ನಿ, ಅಕ್ಟೋಬರದಲ್ಲಿ ಇನ್ನೊಂದು. ಫೆಬ್ರುವರಿ ಮಾರ್ಚಿಗೆ ಹಣ್ಣು. ಹೀಗಾಗಿ ಆಂಗ್ಲ ಲೆಕ್ಕದಲ್ಲಿ ನಮ್ಮ ಒಂದು ಬೆಳೆ ಎರಡು ಇಸವಿಗಳಿಗೆ ಹರಿದು ಹಂಚಿಹೋಗುವದು. ಆದರೆ ಯುಗಾದಿಯ ಲೆಕ್ಕ ಹಿಡಿದರೆ ಚಾಟ್ನಿಯಿಂದ ಸುಗ್ಗಿಯ ವರೆಗಿನ ಕೆಲಸವೆಲ್ಲ ಬಹುಮಟ್ಟಿಗೆ ಒಂದೇ ಸಂವತ್ಸರದ ಮಡಿಲಲ್ಲಿ ಬಂದು ಕೂಡುವದು. ೨೦೨೪ರ ಏಪ್ರಿಲದಲ್ಲಿ ಕತ್ತರಿಸಿದ ಬಳ್ಳಿಯ ಹಣ್ಣು ೨೦೨೫ರ ಮಾರ್ಚಿನಲ್ಲಿ ಬಂದರೆ ಎರಡೂ ಕ್ರೋಧಿ ಸಂವತ್ಸರವೇ. ಮಗನು ಎಂದಾದರೂ ಸೀಸೆ ತುಂಬಿಸಿದರೆ ಅದರ ಮೇಲೆ ಸಂವತ್ಸರದ ಹೆಸರನ್ನು ಬರೆಯಲೆಂದು ನಮ್ಮ ಸಲಹೆ.

ಈಗ ಸುಣ್ಣದ ನೆಲದ ವಾದ. ಹುಡುಗನು ತೀರ ತಪ್ಪು ಹೇಳಿಲ್ಲ. ಲೋಕಾಪುರವು ಸುಣ್ಣದ ಕಲ್ಲಿಗೆ ಹೆಸರಾದ ಊರು. ಬ್ರೂಸ ಫೂಟ ಮಹಾಶಯನು ೧೮೭೬ರಲ್ಲಿ ಈ ಸೀಮೆಯ ಭೂಗರ್ಭವನ್ನು ವರ್ಣಿಸಿ ಕಲಾದಗಿಯ ಹೆಸರನ್ನು ಈ ಶಿಲೆಗಳಿಗೆ ಕೊಟ್ಟನು. ಮುಂದಿನ ಪಂಡಿತರು ಅದರಲ್ಲಿಯ ಒಂದು ಗುಂಪಿಗೆ ಲೋಕಾಪುರದ ಹೆಸರನ್ನೇ ಇಟ್ಟರು. ಮುದ್ದಾಪುರದಲ್ಲಿ ಸಿಮೆಂಟಿನ ಕಾರಖಾನೆ ನಿಂತಿರುವದೂ ಈ ಕಲ್ಲಿನ ಬಲದ ಮೇಲೆಯೇ. ಆದರೆ ಸುಣ್ಣವೆಲ್ಲ ಒಂದಲ್ಲ. ಶಾಂಪೇನದ ನೆಲ ಸೀಮೆಸುಣ್ಣ. ಹಲಗೆಯ ಮೇಲೆ ಬರೆಯುವ ಖಡುವಿನಂತೆ ಮೃದು. ಏಳೆಂಟು ಕೋಟಿ ವರ್ಷಗಳ ಹಿಂದೆ ಸಮುದ್ರದ ಸೂಕ್ಷ್ಮ ಜೀವಿಗಳ ಚಿಪ್ಪು ಬಿದ್ದು ಆದದ್ದು. ಒಂದು ಘನ ಮೀಟರು ನೆಲದಲ್ಲಿ ಮುನ್ನೂರು ನಾಲ್ಕುನೂರು ಲೀಟರು ನೀರನ್ನು ಹೀರಿಟ್ಟುಕೊಂಡು ಬೇಸಿಗೆಯಲ್ಲಿ ಬೇರಿಗೆ ಹನಿಹನಿಯಾಗಿ ಉಣಿಸುವದು. ನಮ್ಮ ಕಲ್ಲಾದರೋ ನೂರು ಕೋಟಿ ವರ್ಷಕ್ಕೂ ಮಿಕ್ಕಿದ್ದು, ಗಟ್ಟಿಯಾದದ್ದು. ನೀರು ಅದರ ಬಿರುಕಿನಲ್ಲಿ ಹರಿದುಹೋಗುವದೇ ಹೊರತು ಒಳಗೆ ನಿಲ್ಲುವದಿಲ್ಲ. ಮೇಲಾಗಿ ಮಣ್ಣಿನಲ್ಲಿ ಸುಣ್ಣ ಹೆಚ್ಚಾದರೆ ಬಳ್ಳಿಗೆ ಕಬ್ಬಿಣದಂಶ ಸಿಕ್ಕದೆ ಎಳೆಯ ಎಲೆಗಳು ಹಳದಿಯಾಗುವವು. ಇದನ್ನು ಆ ಗೃಹಸ್ಥರು ತಮ್ಮ ಪಡದಲ್ಲಿಯೇ ನೋಡಿರಬಹುದು.

ಶಾಂಪೇನದ ಸೀಮೆಸುಣ್ಣದ ಇನ್ನೊಂದು ಉಪಕಾರವೆಂದರೆ ನೆಲಮನೆ. ಹಿಂದಿನ ಕಾಲದಲ್ಲಿ ಕಲ್ಲು ತೆಗೆದ ಗುಂಡಿಗಳೇ ರ‍್ಯಾಂಸದಲ್ಲಿ ಇಂದು ಸೀಸೆಗಳ ಕಣಜ. ನಮ್ಮ ಹಿರಿಯರ ಜೋಳದ ಹಗೇವಿನಂತೆ ಎಂದುಕೊಳ್ಳಿರಿ. ಆದರೆ ಅಲ್ಲಿ ವರ್ಷವಿಡೀ ಶಾಖವು ೧೦-೧೨ ಅಂಶವನ್ನು ದಾಟದು. ನಮ್ಮ ನೆಲದಡಿಯಲ್ಲಿ ಆ ತಂಪು ಎಲ್ಲಿಂದ ಬರಬೇಕು? ವಿದ್ಯುಚ್ಛಕ್ತಿಯಿಂದ, ಅದರ ಬಿಲ್ಲಿನಿಂದ.

ಹಣ್ಣಿನ ಹುಳಿಯೂ ಹಾಗೆಯೇ. ನೊರೆಯ ರಸಕ್ಕೆ ಹುಳಿ ತುಂಬಿದ, ಸಕ್ಕರೆ ಮಿತವಾದ ಹಣ್ಣು ಬೇಕು. ನಮ್ಮ ಬಿಸಿಲು ಸಕ್ಕರೆಯನ್ನು ಏರಿಸಿ ಹುಳಿಯನ್ನು ಸುಟ್ಟುಬಿಡುವದು. ಮಣೂಕಕ್ಕೆ ಅದೇ ವರ, ಈ ರಸಕ್ಕೆ ಅದೇ ಶಾಪ. ಆದ್ದರಿಂದ ನಾಸಿಕದವರು ನೊರೆಯ ರಸಕ್ಕಾಗಿ ಹಣ್ಣನ್ನು ಉಳಿದದ್ದಕ್ಕಿಂತ ಮುಂಚೆಯೇ ಕೊಯ್ಯುವರು. ನಂದಿಬೆಟ್ಟದ ಕೆಳಗೆ ದೊಡ್ಡಬಳ್ಳಾಪುರದ ಹತ್ತಿರ ಕನ್ವಲ್ ಗ್ರೋವರರು ೧೯೮೮ರಲ್ಲಿ ಬಳ್ಳಿ ಹಾಕಿಸಿದಾಗ ಶಾಂಪೇನದ ಝಾರ್ಜ್ ವೆಸೆಲ್ ಎಂಬ ಅನುಭವಿಯನ್ನೇ ಸಲಹೆಗೆ ಕರೆತಂದರು. ೧೯೯೨ರಲ್ಲಿ ಮೊದಲ ರಸ ಹೊರಬಿತ್ತು. ಆದರೆ ಆ ನೆಲ ಸಮುದ್ರಮಟ್ಟದಿಂದ ಸುಮಾರು ಮೂರು ಸಾವಿರ ಅಡಿ ಎತ್ತರ, ರಾತ್ರಿಗಳು ತಂಪು. ಲೋಕಾಪುರದ ಸೀಮೆ ಎರಡು ಸಾವಿರ ಅಡಿಯ ಆಸುಪಾಸಿನದು.

ಕೊನೆಗೆ ಹಣ, ಅಥವಾ ಕಾಲ. ಈ ವ್ಯಾಪಾರದಲ್ಲಿ ಎರಡೂ ಒಂದೇ. ಶಾಂಪೇನದ ಕಟ್ಟಳೆಯಂತೆ ೪,೦೦೦ ಕಿಲೋ ಹಣ್ಣಿನಿಂದ ೨,೫೫೦ ಲೀಟರು ರಸ ಮಾತ್ರ ತೆಗೆಯಬೇಕು; ಎಂದರೆ ಸೀಸೆಯೊಂದಕ್ಕೆ ಸುಮಾರು ಸವಾ ಕಿಲೋ ಹಣ್ಣು. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಮಣೂಕವಾಗುವ ನಮ್ಮ ಲೆಕ್ಕದೊಡನೆ ಹೋಲಿಸಿದರೆ ಇದು ಬಹಳ ಲಾಭದ್ದೆಂದು ಕಾಣುವದು. ಆದರೆ ಮಣೂಕವು ಪೊಟ್ಯಾಸಿಯಮ್ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲಿನಲ್ಲಿ ಅದ್ದಿ ಶೆಡ್ಡಿನ ಬಲೆಗಳ ಮೇಲೆ ಹರವಿದ ಹನ್ನೆರಡು ಹದಿನೈದು ದಿವಸಗಳಲ್ಲಿ ಮಾರಾಟಕ್ಕೆ ಸಿದ್ಧ. ಇಸವಿ ಹಾಕಿದ ಶಾಂಪೇನವನ್ನು ಸೀಸೆ ತುಂಬಿದ ಮೇಲೆ ಮೂರು ವರ್ಷ ಹೊರಗೆ ತೆಗೆಯುವಂತಿಲ್ಲ. ಬಳ್ಳಿ ನೆಟ್ಟು ಫಲ ಬರುವ ವರ್ಷಗಳನ್ನು ಕೂಡಿಸಿದರೆ ಮೊದಲ ರೂಪಾಯಿ ಕೈಗೆ ಬರುವದಕ್ಕೆ ಆರು ವರ್ಷ. ಅಷ್ಟು ಕಾಲ ಔಷಧ, ಕೂಲಿ, ಬಡ್ಡಿ ಇವು ಕಾಯುತ್ತಾ ಕೂಡುವದಿಲ್ಲ. ಶಾಂಪೇನದ ಸಣ್ಣ ಮನೆತನಗಳಿಗೆ ಅಜ್ಜನು ತುಂಬಿಟ್ಟ ಸೀಸೆಗಳು ಮೊಮ್ಮಗನ ಮದುವೆಯ ಖರ್ಚಿಗೆ ಒದಗುವವು; ಹೊಸದಾಗಿ ತೊಡಗುವವನಿಗೆ ಅಂಥ ಅಜ್ಜನಿಲ್ಲ.

ಮಹಾರಾಷ್ಟ್ರದ ನಾರಾಯಣಗಾಂವದಲ್ಲಿ ಇಂಡೇಜ ಎಂಬ ಕಂಪನಿಯು ೧೯೮೦ರ ದಶಕದಲ್ಲಿ ಫ್ರೆಂಚ ತಜ್ಞರ ನೆರವಿನಿಂದ ನೊರೆಯ ರಸ ತೆಗೆದು ಪರದೇಶಗಳಿಗೂ ಮಾರಿತು. ಅಷ್ಟು ದೊಡ್ಡ ಸಂಸ್ಥೆಯೂ ೨೦೧೦ರ ಸುಮಾರಿಗೆ ಸಾಲದಲ್ಲಿ ಮುಳುಗಿತು. ೨೦೦೮ರ ನಂತರದ ಕೆಲ ವರ್ಷಗಳಲ್ಲಿ ನಾಸಿಕದ ಕಡೆ ಕಾರಖಾನೆಗಳು ಹಣ್ಣು ಕೊಳ್ಳದಾದಾಗ ಎಷ್ಟೋ ಒಕ್ಕಲಿಗರು ರಸದ ಬಳ್ಳಿಗಳನ್ನು ಕಿತ್ತೊಗೆದರು. ಏಕೆಂದರೆ ರಸದ ಹಣ್ಣು ಚಿಕ್ಕದು, ಬೀಜ ದೊಡ್ಡದು, ಸಿಪ್ಪೆ ದಪ್ಪ. ಸಂತೆಯಲ್ಲಿ ಅದನ್ನು ಯಾರೂ ತಿನ್ನಲು ಕೊಳ್ಳರು, ಮಣೂಕವೂ ಆಗದು. ಥಾಮ್ಸನ್ ಹಣ್ಣಿಗೆ ಒಂದು ಬಾಗಿಲು ಮುಚ್ಚಿದರೆ ಇನ್ನೊಂದಿದೆ. ಇದಕ್ಕೆ ಇರುವದೊಂದೇ ಬಾಗಿಲು, ಅದರ ಕೀಲಿ ಕೊಳ್ಳುವವನ ಕೈಯಲ್ಲಿ.

ಸರಕಾರವು ೨೦೦೭ರಲ್ಲಿ ದ್ರಾಕ್ಷಾರಸದ ನೀತಿಯನ್ನು ಸಾರಿ ನಮ್ಮ ಕೃಷ್ಣಾ ಕಣಿವೆಯನ್ನು ಅದರಲ್ಲಿ ಸೇರಿಸಿರುವದು ನಿಜ. ಕೊಪ್ಪಳ ಜಿಲ್ಲೆಯಲ್ಲಿ ಒಂದು ದಂಪತಿಗಳು ತಮ್ಮ ತೋಟದ ಹಣ್ಣಿನಿಂದಲೇ ರಸ ಮಾಡಿ ಹೆಸರು ಗಳಿಸಿರುವದೂ ನಿಜ. ಆದರೆ ಅವರು ತೋಟದ ಉತ್ಪನ್ನವನ್ನೇ ನಂಬಿ ಸಂಸಾರ ಮಾಡುವವರಲ್ಲ.

ಆದ್ದರಿಂದ ಆ ಗೃಹಸ್ಥರಿಗೆ ನಮ್ಮ ಮಾತು ಇಷ್ಟು. ಥಾಮ್ಸನ್ ಬಳ್ಳಿಯನ್ನು ಮುಟ್ಟಬೇಡಿರಿ. ಮಗನ ಉತ್ಸಾಹವನ್ನೂ ಮುರಿಯಬೇಡಿರಿ. ಪಡದ ಬದುವಿನ ಕಡೆ ಎರಡು ಸಾಲು ಶೆನಿನ್ ಬ್ಲಾಂಕಿನ ಸಸಿಗಳನ್ನು ಅವನ ಹೆಸರಿಗೆ ಬಿಟ್ಟುಕೊಡಿರಿ. ಮೊದಲು ಮಣ್ಣಿನ ಸುಣ್ಣವನ್ನು ಪರೀಕ್ಷೆ ಮಾಡಿಸಲಿ. ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯವು ಮನೆಬಾಗಿಲಲ್ಲಿಯೇ ಇದೆ, ದ್ರಾಕ್ಷಿಯ ಸಂಶೋಧನ ಕೇಂದ್ರ ಪುಣೆಯ ಮಾಂಜರಿಯಲ್ಲಿದೆ. ಫಲ ಬಂದ ಮೇಲೆ ಡಿಸೆಂಬರದಿಂದ ಪ್ರತಿ ವಾರ ಹಣ್ಣಿನ ಸಕ್ಕರೆಯನ್ನೂ ಹುಳಿಯನ್ನೂ ಅಳೆದು, ಆ ವಾರದ ರಾತ್ರಿಯ ಶಾಖದೊಡನೆ ಒಂದು ವಹಿಯಲ್ಲಿ ಬರೆದಿಡಲಿ. ಹಣ್ಣು ಕೊಳ್ಳುವವರು ಯಾರಾದರೂ ಬಂದರೆ ಬಾಯಿಮಾತಿಗೆ ಒಪ್ಪದೆ, ದರವನ್ನೂ ವರ್ಷಗಳನ್ನೂ ಕಾಗದದಲ್ಲಿ ಬರೆಸಿಕೊಳ್ಳಲಿ. ಬಳ್ಳಿ ಕೀಳುವ ಮಾತನ್ನು ಮೂರು ಸುಗ್ಗಿಯ ಲೆಕ್ಕ ಆ ವಹಿಯಲ್ಲಿ ಕೂತ ಮೇಲೆ ಎತ್ತಬಹುದು.