ಮಳೆ ಊರಲ್ಲಿ ಟ್ಯಾಂಕರ್ ನೀರು

ಮೊದಲ ವರ್ಷ ಮಂಗಳೂರಿಗೆ ಹೊರಟಾಗ ಮನೆಯವರು ಬ್ಯಾಗಿಗೆ ಎರಡೆರಡು ಕೊಡೆ ಹಾಕಿಕೊಟ್ಟಿದ್ರು. ಬಟ್ಟೆ ಒಣಗಲ್ಲ, ಶೂಗೆ ಬೂಸ್ಟು ಹಿಡಿಯುತ್ತೆ ಅಂತೆಲ್ಲ ಹೆದರಿಸಿದ್ರು. ಆದರೆ 2023ರ ಈ ಮೇ ತಿಂಗಳಲ್ಲಿ ನಾವು ಬಕೆಟ್ ಹಿಡಿದು ನಲ್ಲಿ ಮುಂದೆ ಸಾಲು ನಿಂತಿದ್ವಿ. ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದು, ಊರಿಗೆಲ್ಲ ದಿನ ಬಿಟ್ಟು ದಿನ ನೀರು. ಟ್ಯಾಂಕರ್ ನೋಡಿದ ಕೋಲಾರದ ಗೆಳೆಯ, "ಇದನ್ನ ನೋಡೋಕೆ ಇಷ್ಟು ದೂರ ಬರಬೇಕಿತ್ತಾ ಮಗಾ?" ಅಂದ.

ಬೇಸಿಗೆ ಮಳೆ ಕೈಕೊಟ್ಟಿದ್ದು ನಿಜ. ಜೂನ್ 1ರ ಹೊತ್ತಿಗೆ ಕೇರಳ ಮುಟ್ಟಬೇಕಿದ್ದ ಮುಂಗಾರು 8ಕ್ಕೆ ಬಂದದ್ದೂ ನಿಜ. 2019ರಲ್ಲೂ ಹೀಗೇ ಆಗಿತ್ತು. ಆಗ ನೇತ್ರಾವತಿ ಬತ್ತಿ, ಧರ್ಮಸ್ಥಳಕ್ಕೆ ಬರೋದನ್ನು ಸ್ವಲ್ಪ ದಿನ ಮುಂದೂಡಿ ಅಂತ ವೀರೇಂದ್ರ ಹೆಗ್ಗಡೆಯವರು ಭಕ್ತರನ್ನು ಕೇಳಿಕೊಂಡಿದ್ದರು. ಆದರೂ ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಹೆಚ್ಚು ಮಳೆ ಬೀಳುವ ಊರಲ್ಲಿ ಎಲ್ಲ ತಪ್ಪನ್ನೂ ಮೋಡದ ಮೇಲೆ ಹಾಕೋದು ನಮಗೆ ಸರಿ ಕಾಣಲ್ಲ.

ಇಲ್ಲಿ ಮಳೆಯ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುತ್ತೆ. ಘಟ್ಟದಿಂದ ಇಳಿಜಾರು, ಮುರಕಲ್ಲಿನ ನೆಲ, ಪಕ್ಕದಲ್ಲೇ ಕಡಲು. ನೀರು ನಿಲ್ಲೋದೇ ಇಲ್ಲ. ಹಿರಿಯರಿಗೆ ಇದು ಗೊತ್ತಿತ್ತು. ಅದಕ್ಕೇ ಗುಡ್ಡದ ಮೇಲೆ ಮದಕ, ಗುಡ್ಡದೊಳಗೆ ಸುರಂಗ, ತೋಡಿಗೆ ಅಡ್ಡ ಕಟ್ಟ. ಗದ್ದೆಗಳೂ ನೀರು ಹಿಡಿದಿಡುತ್ತಿದ್ದವು. ಗದ್ದೆ ಹೋಗಿ ಲೇಔಟ್ ಬಂತು, ಅಂಗಳಕ್ಕೆ ಇಂಟರ್‌ಲಾಕ್ ಬಂತು.

ಈಗ ನಮ್ಮ ಲೆಕ್ಕ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ರೆ ಒಂದು ಲೀಟರ್. ಹಾಸ್ಟೆಲ್ ಚಾವಣಿ 1,000 ಚದರ ಮೀಟರ್ ಅಂದುಕೊಳ್ಳಿ. ವರ್ಷಕ್ಕೆ 35 ಲಕ್ಷ ಲೀಟರ್! ತಲೆಗೆ ದಿನಕ್ಕೆ 135 ಲೀಟರ್‌ನಂತೆ 300 ಜನಕ್ಕೆ 86 ದಿನದ ನೀರು. ಇಷ್ಟನ್ನೂ ಟ್ಯಾಂಕಿನಲ್ಲಿ ತುಂಬಿಡೋಕಾಗಲ್ಲ, ಬಾವಿಗೆ ಬಿಟ್ಟರೂ ಒಂದಿಷ್ಟು ಹರಿದುಹೋಗುತ್ತೆ, ಒಪ್ತೀವಿ. ಉಳಿದದ್ದರಲ್ಲಿ ಕೆಲವು ವಾರ ಕಳೆದರೂ ಸಾಕಲ್ಲ?

ಪ್ರತಿ ಟೆಕ್ ಫೆಸ್ಟ್‌ನಲ್ಲೂ ನಾವು ಟ್ಯಾಂಕಿಗೆ ಸೆನ್ಸರ್ ಕೂರಿಸಿ ಬಹುಮಾನ ಹೊಡೀತೀವಿ. ಟ್ಯಾಂಕ್ ಖಾಲಿ ಅಂತ ಮೊಬೈಲಿಗೆ ಮೆಸೇಜ್ ಬರುತ್ತೆ, ನೀರು ಬರಲ್ಲ. ಅದರ ಬದಲು ಸಿವಿಲ್‌ನವರು ಚಾವಣಿ ಅಳೆಯಲಿ, ಮೆಕ್ಯಾನಿಕಲ್‌ನವರು ಪೈಪ್ ಹಾಕಲಿ, ಮರಳು-ಜಲ್ಲಿ-ಇದ್ದಿಲಿನ ಫಿಲ್ಟರ್ ಎಲ್ಲರೂ ಸೇರಿ ಕಟ್ಟೋಣ. ಕಾಲೇಜಿನವರು ಹಾಸ್ಟೆಲ್ ಹಿಂದಿನ ಹಳೇ ಬಾವಿಯ ಗುಜರಿ ತೆಗೆಸಿಕೊಡಲಿ. ಕೇಳ್ತಿರೋದು ಇಷ್ಟೇ.

ಇದನ್ನು ಬರೆಯುವಾಗ ಮಳೆ ಶುರುವಾಗಿದೆ. ಚಾವಣಿ ಪೈಪಿನಿಂದ ನೀರು ಧೋ ಅಂತ ಚರಂಡಿಗೆ ಬೀಳ್ತಿದೆ. ಬಕೆಟ್ ಸಾಲು ಈಗಾಗಲೇ ಎಲ್ಲರಿಗೂ ಮರೆತುಹೋಗಿದೆ. ನಮಗೆ ಭಯ ಇರೋದು ಅದರದ್ದೇ.