ಬೇಸಿಗೆಯ ನೆರಳು ಎಲ್ಲರದಾಗಲಿ

ಕಾಡಿನ ಮಡಿಲಲ್ಲೇ ಬದುಕುವ ಮಲೆನಾಡಿಗರಿಗೆ ಸಾರ್ವಜನಿಕ ಉದ್ಯಾನವೇಕೆ ಎಂಬ ಪ್ರಶ್ನೆ ಸಹಜ. ಆದರೆ ನಮ್ಮ ಮಕ್ಕಳಲ್ಲಿ ಅನೇಕರು ಇಂದು ಪೇಟೆಯ ಬಾಡಿಗೆ ಮನೆಗಳಲ್ಲಿ ಬೆಳೆಯುತ್ತಿದ್ದಾರೆ. ತೋಟವಿಲ್ಲದ ಕೂಲಿಕಾರ ಕುಟುಂಬಕ್ಕೆ ಉದ್ಯಾನವೇ ತೋಟ, ಅದರ ಮರಗಳೇ ಚಪ್ಪರ. ಮರವು ನೆರಳು ನೀಡುವುದಷ್ಟೇ ಅಲ್ಲ, ಎಲೆಗಳಿಂದ ನೀರಾವಿಯನ್ನು ಹೊರಸೂಸಿ ಸುತ್ತಲ ಗಾಳಿಯನ್ನೂ ತಂಪಾಗಿಸುತ್ತದೆ.

ಜನ ಕಾಲಿಡದ ಉದ್ಯಾನವು ಬಹುಬೇಗ ‘ಖಾಲಿ ಜಾಗ’ವೆನಿಸಿಕೊಳ್ಳುತ್ತದೆ, ಖಾಲಿ ಜಾಗದ ಮೇಲೆ ವಾಣಿಜ್ಯ ಸಂಕೀರ್ಣ ಕಟ್ಟುವವರ ಕಣ್ಣು ಬೀಳುತ್ತದೆ. ಬೆಂಗಳೂರಿನ ಕಬ್ಬನ್ ಉದ್ಯಾನ, ಲಾಲ್‌ಬಾಗ್‌ಗಳ ರಕ್ಷಣೆಗೆ 1975ರಲ್ಲೇ ಶಾಸನ ಬೇಕಾಯಿತು. 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಅಧಿನಿಯಮವು ಇತರ ಪಟ್ಟಣಗಳಿಗೂ ಆ ರಕ್ಷೆಯನ್ನು ವಿಸ್ತರಿಸಿತು. ಆದರೆ ಕಾನೂನು ಕಾಗದದ ಮೇಲಿದ್ದರೆ ಸಾಲದು. ಅದಕ್ಕೆ ಕಾವಲಾಗಬೇಕಾದವರು ಜನರೇ.

ಆದ್ದರಿಂದ ಈ ರಜೆಯಲ್ಲಿ ಸಂತೆಗೋ ಆಸ್ಪತ್ರೆಗೋ ಪೇಟೆಗೆ ಹೋದಾಗ, ಮಕ್ಕಳು ಹಿರಿಯರೊಂದಿಗೆ ಒಂದು ಸಂಜೆಯನ್ನು ಉದ್ಯಾನದಲ್ಲಿ ಕಳೆಯೋಣ. ಬುತ್ತಿಯನ್ನು ಬಾಳೆಲೆಯಲ್ಲಿ ಒಯ್ಯೋಣ. ಪ್ಲಾಸ್ಟಿಕ್ ಬಿಟ್ಟು ಬರುವುದು ಬೇಡ. ವಿದ್ಯಾರ್ಥಿಗಳು ಅಲ್ಲಿನ ಮರಗಳ ಪಟ್ಟಿ ಸಿದ್ಧಪಡಿಸಲಿ. ಎಣಿಸಿಟ್ಟ ಮರವನ್ನು ಸದ್ದಿಲ್ಲದೆ ಕಡಿಯುವುದು ಸುಲಭವಲ್ಲ.